ಎಮ್ಮೆಗೆ ಹೇಳಿದ ಮಾತು

ಬಸವಲಿಂಗಪ್ಪನ ಕುಣಿಗೆ ಮಣ್ಣು ಹಾಕಲು ಬಾಗಿದ ಶೆಟ್ಟೆಪ್ಪನ ಕೈ ಹಾಗೇ ನಿಂತುಬಿಟ್ಟಿತು. ಹಿಡಿಯಲ್ಲಿದ್ದ ಮಣ್ಣು ಬೆರಳ ಸಂದಿಯಿಂದ ಸೋರತೊಡಗಿತು. ಹಿಂದೆ ನಿಂತವರೊಬ್ಬರು, "ಹಾಕ್ರಿ ಕಾಕಾ, ಬಿಸಲ ಏರಾಕತ್ತೈತಿ" ಎಂದು ಮೆಲ್ಲಗೆ ಎಚ್ಚರಿಸಿದರು. ಅವನು ಮಣ್ಣು ಹಾಕಿದ, ಪತ್ರಿ ಹಾಕಿದ, ಪಕ್ಕಕ್ಕೆ ಸರಿದ. ಕಣ್ಣು ತುಂಬಿ ಬಂದಿದ್ದವು. ನೋಡಿದವರು, ಗೆಳೆತನ ಅಂದರೆ ಹೀಗಿರಬೇಕು ಅಂದುಕೊಂಡರು.

ಗೆಳೆತನ ಇತ್ತು, ಸುಳ್ಳಲ್ಲ. ಆದರೆ ಆ ಗಳಿಗೆಯಲ್ಲಿ ಶೆಟ್ಟೆಪ್ಪನ ಕೈಯನ್ನು ಹಿಡಿದು ನಿಲ್ಲಿಸಿದ್ದು ಗೆಳೆತನವಲ್ಲ, ಭಯ. ಅವನ ಮೃತ್ಯುಪತ್ರಕ್ಕೆ ಸಾಕ್ಷಿ ಸಹಿ ಹಾಕಿದವರು ಇಬ್ಬರು. ಒಬ್ಬ ಹಣಮಂತಗೌಡ, ಹೋದ ವರ್ಷದ ಹಿಂದಿನ ವರ್ಷವೇ ತೀರಿಕೊಂಡಿದ್ದ. ಆಗ ಶೆಟ್ಟೆಪ್ಪ, ಇನ್ನೊಬ್ಬ ಗಟ್ಟಿಯಾಗಿದ್ದಾನಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದ. ಆ ಇನ್ನೊಬ್ಬ ಈಗ ವಿಭೂತಿ ಬಳಿದುಕೊಂಡು ಕುಣಿಯಲ್ಲಿ ಕೂತಿದ್ದ.

ಅವನ ಹುಟ್ಟೂರು ಮೇಲವಂಕಿಯಲ್ಲಿ ಸಾಕ್ಷಿ ಎಂದರೆ ಹಿರಿಯರೇ. ಹೆಣ್ಣು ಗೊತ್ತು ಮಾಡಲಿ, ಅಣ್ಣತಮ್ಮಂದಿರ ಆಸ್ತಿಯ ವಾಟ್ನಿಯಾಗಲಿ, ಎತ್ತು ಮಾರಲಿ, ಬಿಳಿ ಮೀಸೆ ಇಲ್ಲದವನ ಮಾತಿಗೆ ಅಲ್ಲಿ ತೂಕವಿಲ್ಲ. ಶೆಟ್ಟೆಪ್ಪನೂ ಅದೇ ಊರಿನ ನೀರು ಕುಡಿದು ಬೆಳೆದವನು. ನೌಕರಿ ಮುಗಿದ ವರ್ಷ ಬಾಂಡ್ ಬರೆಯುವವನನ್ನು ಮನೆಗೆ ಕರೆಸಿ, ತನಗಿಂತ ಹತ್ತು ವರ್ಷ ದೊಡ್ಡವರಾದ ಇಬ್ಬರನ್ನು ಕೂರಿಸಿ, ಚಹಾ ಕುಡಿಸಿ ಸಹಿ ಹಾಕಿಸಿಕೊಂಡಿದ್ದ. ಮೃತ್ಯುಪತ್ರ ಎಂಬುದು ಬರೆದವನು ಸತ್ತ ಮೇಲೆ ಬಾಯಿ ತೆಗೆಯುವ ಕಾಗದ. ಅದರ ಪರವಾಗಿ ಮಾತಾಡುವವರು ಅವನಿಗಿಂತ ಹೆಚ್ಚು ಬದುಕಬೇಕು ಎಂಬುದು ಮೂವರು ಶಾಣ್ಯಾರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮೇಲವಂಕಿಯಿಂದ ಮೂಡಲಗಿಯ ತನ್ನ ಮನೆಗೆ ಬರುವ ಹೊತ್ತಿಗೆ ಅವನಿಗೆ ಕೂತಲ್ಲಿ ಕೂಡಲಾಗದ, ನಿಂತಲ್ಲಿ ನಿಲ್ಲಲಾಗದ ಸ್ಥಿತಿ. ಬಾಗಿಲ ಹತ್ತಿರ ಬಂದು ಎಂದಿನಂತೆ ಕೆಮ್ಮಿದ. ಒಳಗೆ ಪಡಸಾಲೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು, ಸೀರೆ ಸರಪರ ಎಂದಿತು. ಶಿವವ್ವ ತಲೆಯ ಮೇಲೆ ಸೆರಗು ಎಳೆದುಕೊಂಡಳು ಎಂದು ಅವನಿಗೆ ನೋಡದೆಯೂ ಗೊತ್ತಾಯಿತು.

"ಗೌರಿ, ನೀರ ಕಾದಾವು. ಮಣ್ಣಿಗೆ ಹೋಗಿ ಬಂದಾವ್ರು ಹಿತ್ತಲ ಬಾಗಲದಿಂದ ಬರಬೇಕು" ಎಂದಳು ಒಳಗಿನಿಂದ.

ಗೌರಿ ಅಂದರೆ ಎಮ್ಮೆ. ಪಡಸಾಲೆಯ ಪಕ್ಕದ ತಗಡಿನ ಚಪ್ಪರದಲ್ಲಿ ಕಟ್ಟಿದ್ದ ಆ ಎಮ್ಮೆಯ ಮೂಲಕವೇ ಇವರಿಬ್ಬರ ಸಂಸಾರದ ಮಾತುಕತೆ ಎಲ್ಲ ಸಾಗುತ್ತಿತ್ತು.

ಶಿವವ್ವ ಅವನ ತಮ್ಮ ಬಾಳೇಶನ ಹೆಂಡತಿ. ತಮ್ಮನ ಹೆಂಡತಿ ಭಾವನ ಮುಂದೆ ನಿಂತು ಮಾತಾಡಬಾರದು, ಭಾವ ಅವಳ ಕೈಗೆ ಏನನ್ನೂ ನೇರವಾಗಿ ಕೊಡಬಾರದು ಎಂಬುದು ಅವರ ಮನೆತನದ ಹಳೆಯ ಪದ್ಧತಿ. ಬೇರೆ ಮನೆಗಳಲ್ಲಿ ಆ ಪದ್ಧತಿ ಟೀವಿ ಬಂದ ಕಾಲಕ್ಕೇ ಸಡಿಲಾಗಿತ್ತು. ಇವರ ಮನೆಯಲ್ಲಿ ಮಾತ್ರ ಬಿಗಿಯಾಗುತ್ತ ಹೋಯಿತು, ಅದಕ್ಕೆ ಕಾರಣವಿತ್ತು. ಶೆಟ್ಟೆಪ್ಪನ ಹೆಂಡತಿ ಎರಡನೆಯ ಹೆರಿಗೆಯಲ್ಲಿ ಮಗುವಿನೊಂದಿಗೆ ಹೋದಳು. ಅದರ ದುಃಖ ಆರುವ ಮೊದಲೇ, ಕಬ್ಬಿನ ಟ್ರ್ಯಾಕ್ಟರ್ ಮಗುಚಿ ಬಾಳೇಶ ಹೋದ. ಶಿವವ್ವನ ಅಣ್ಣಂದಿರು ಬಂದು, ಕರಕೊಂಡು ಹೋಗಿ ಉಡಕಿ ಮಾಡಿ ಇನ್ನೊಂದು ಮನೆಗೆ ಕೊಡುತ್ತೇವೆ ಎಂದರು. ಆಗಿನ್ನೂ ಸಾಲಿಗೆ ಸೇರಿಸದ ಮಹೇಶ, ಶೆಟ್ಟೆಪ್ಪನ ಮಗ, ಅವಳ ಸೀರೆಯ ನಿರಿಗೆ ಹಿಡಿದು ಬಿಡಲಿಲ್ಲ. ಅವಳು ಕಟ್ಟಿದ್ದ ಬಟ್ಟೆಯ ಗಂಟು ಬಿಚ್ಚಿ ಒಳಗಿಟ್ಟಳು.

ಹೆಂಡತಿ ಇಲ್ಲದ ಗಂಡಸು, ಗಂಡ ಇಲ್ಲದ ಹೆಂಗಸು, ಒಂದೇ ಸೂರು. ಗಡಿಗೆಯ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾದೀತೇ? ಅದಕ್ಕೇ ಇವರಿಬ್ಬರೂ ತಮ್ಮ ಬಾಯಿ ಮುಚ್ಚಿಕೊಂಡರು. ಶೆಟ್ಟೆಪ್ಪ ಹಿಡಕಲ್ ಡ್ಯಾಮಿನಲ್ಲಿ ಗೇಟು ಎತ್ತುವ ಇಳಿಸುವ ನೌಕರ, ವಾರಕ್ಕೊಮ್ಮೆ ಬರುತ್ತಿದ್ದ. ಪಗಾರವನ್ನು, ಸಂತೆಯ ಚೀಲವನ್ನು, ಮಗನ ಔಷಧಿಯನ್ನು ಪಡಸಾಲೆಯ ಗೋಡೆಯ ಗೂಡಿನಲ್ಲಿಟ್ಟು ಕೆಮ್ಮಿ ಹೊರಗೆ ಹೋಗುತ್ತಿದ್ದ. ಅವಳು ಬಂದು ತೆಗೆದುಕೊಳ್ಳುತ್ತಿದ್ದಳು. ಹೇಳಬೇಕಾದ್ದನ್ನು ಮೊದಮೊದಲು ಮಹೇಶನ ಮೂಲಕ ಹೇಳಿದರು. ಮಹೇಶ ದೊಡ್ಡವನಾಗಿ, ನಾನೇನು ಟಪಾಲಿನವನೇ ಎಂದು ರೇಗಿದ ಮೇಲೆ ಎಮ್ಮೆಗೆ ಹೇಳತೊಡಗಿದರು. ಎಮ್ಮೆ ಯಾವತ್ತೂ ಬೇಸರಪಟ್ಟುಕೊಳ್ಳಲಿಲ್ಲ.

ಶೆಟ್ಟೆಪ್ಪನಿಗೆ ಅವನಪ್ಪ ಬಿಟ್ಟುಹೋದದ್ದು ಹರಕು ಕಂಬಳಿ. ಈ ಮನೆ ಮಾತ್ರ ಶೆಟ್ಟೆಪ್ಪ ತನ್ನ ಪಗಾರದಲ್ಲಿ, ಒಂದೊಂದೇ ಖೋಲಿಯಾಗಿ ಕಟ್ಟಿಸಿದ್ದು. ಇದರ ಪಡಸಾಲೆಯಲ್ಲಿ ಒಲೆ ಹೂಡಿ ಶಿವವ್ವ ರೊಟ್ಟಿ ಬಡಿದಳು. ಅವಳ ಗರಿಗರಿ ಕಟಕ್ ರೊಟ್ಟಿ ಮೂಡಲಗಿಯ ಖಾನಾವಳಿಗಳಿಗೆಲ್ಲ ಹೋಗುತ್ತಿತ್ತು. ಮಹೇಶನ ಕಾಲೇಜು ಆ ರೊಟ್ಟಿಯ ಮೇಲೆಯೇ ಆದದ್ದು. ಮೃತ್ಯುಪತ್ರದಲ್ಲಿ ಶೆಟ್ಟೆಪ್ಪ ಬರೆಸಿದ್ದು ಒಂದೇ ಮಾತು: ನನ್ನ ನಂತರ ಈ ಮನೆ ಶಿವವ್ವಳಿಗೆ. ಅದನ್ನು ಮಗನಿಗೆ ಹೇಳಿರಲಿಲ್ಲ. ಶಿವವ್ವಳಿಗಂತೂ ಹೇಳುವ ದಾರಿಯೇ ಇರಲಿಲ್ಲ.

ಬಿಸಿನೀರು ಸುರಿದುಕೊಂಡು ಬಂದರೂ ಮೈ ತಣ್ಣಗೇ ಇತ್ತು. ಸಂಜೆ ಮಹೇಶ ಒಬ್ಬ ಎಂಜಿನಿಯರನನ್ನು ಕರೆದುಕೊಂಡು ಬಂದ. ಇಬ್ಬರೂ ಟೇಪು ಹಿಡಿದು ಮನೆಯ ಮುಂಭಾಗವನ್ನೆಲ್ಲ ಅಳೆದರು. ಮಹೇಶನದು ಬಸ್ ನಿಲ್ದಾಣದ ಹತ್ತಿರ ಬೀಜ ಗೊಬ್ಬರದ ಬಾಡಿಗೆ ಅಂಗಡಿ. ಹೆಂಡತಿ ಶೋಭಾ ಚೊಚ್ಚಲ ಹೆರಿಗೆಗೆ ತವರಿಗೆ ಹೋಗಿದ್ದಳು. ಮಗು ಬರುವುದರೊಳಗೆ ಮನೆಯ ಮುಂದೆಯೇ ಸ್ವಂತ ಮಳಿಗೆ ಎದ್ದು ನಿಲ್ಲಬೇಕು ಎಂಬ ಅವಸರ ಅವನಿಗೆ.

"ಸೋಮಾರ ಪಾಯಾ ತೋಡಸಾಕ ಹಚ್ಚತೇನಪ್ಪಾ" ಎಂದ ಖುಷಿಯಲ್ಲಿ. "ಮುಂದ ನಾಕ್ ಮಳಗಿ. ಮ್ಯಾಲ ಮನಿ."

"ಮತ್ತ ಒಲಿ?"

"ಚಿಗವ್ವಗ ಹಿಂದ ಒಂದ ಖೋಲಿ ಕಟ್ಟಿಕೊಡ್ತೀನಿ ತಗೋ. ಇನ್ನೆಷ್ಟ ದಿವಸ ರೊಟ್ಟಿ ಬಡೀತಾಳ ಆಕಿ? ಕುಂತ ಉಣ್ಣಲಿ."

ಮಾತಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಶೆಟ್ಟೆಪ್ಪನಿಗೆ ಚುಚ್ಚಿದ್ದು 'ಕಟ್ಟಿಕೊಡ್ತೀನಿ' ಎಂಬ ಮಾತು. ಕೊಡುವವನು ಒಬ್ಬ, ಕೈ ಒಡ್ಡುವವಳು ಒಬ್ಬಳು. ತಾನು ಇದ್ದಾಗಲೇ ಹೀಗೆ. ಕಣ್ಣು ಮುಚ್ಚಿದ ಮೇಲೆ? ಎಂಜಿನಿಯರ ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಗೆರೆ ಎಳೆಯುತ್ತ ಬಂದ. ಗೆರೆ ಹೊಸ್ತಿಲು ದಾಟಿ, ಒಲೆಯ ಕಲ್ಲಿನ ಮೇಲೆ ಹಾದು, ಆಚೆ ಗೋಡೆ ಮುಟ್ಟಿತು. ಶಿವವ್ವ ಬಾಗಿಲ ಸಂದಿಯಲ್ಲಿ ನಿಂತು ನೋಡುತ್ತಿದ್ದಳು. ಕಂಡದ್ದನ್ನು ಅವಳು ಎಮ್ಮೆಗೂ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಶೆಟ್ಟೆಪ್ಪ ಬುತ್ತಿ ಕಟ್ಟಿಸಿಕೊಳ್ಳುವುದಕ್ಕೂ ನಿಲ್ಲದೆ ಬಸ್ಸು ಹತ್ತಿದ. ಹುಕ್ಕೇರಿಯಲ್ಲಿ ಅವನಿಗೆ ಒಬ್ಬ ವಕೀಲೆ ಗೊತ್ತು. ಹಿಡಕಲ್ಲಿನಲ್ಲಿ ಅವನ ಜೋಡಿ ಪಾಳಿ ಮಾಡಿದ ಸಾತಪ್ಪನ ಮಗಳು ಆಮ್ರಪಾಲಿ. ಡ್ಯಾಮಿನ ಮೇಲೆ ಗಾಳಿ ಬೀಸುವ ರಾತ್ರಿಗಳಲ್ಲಿ ಶೆಟ್ಟೆಪ್ಪ ಸಾತಪ್ಪನ ಬುತ್ತಿಯ ರೊಟ್ಟಿಯನ್ನು ಹಂಚಿಕೊಂಡು ತಿಂದಿದ್ದ. ಜಾತಿ ನೋಡಿ ನೀರು ಕುಡಿಯುವ ಮೇಲವಂಕಿಯ ಹಿರಿಯರಿಗೆ ಅದನ್ನು ಯಾವತ್ತೂ ಹೇಳಿರಲಿಲ್ಲ. ಒಳ್ಳೆಯದನ್ನು ಬಚ್ಚಿಟ್ಟೇ ಮಾಡಬೇಕು ಎಂಬ ಚಟ ಅವನಿಗೆ ಮೊದಲಿನಿಂದಲೂ ಇತ್ತು.

ಬಸ್ಸಿನಲ್ಲಿ ಕೂತವನ ಕಣ್ಣು ಸುಮ್ಮನಿರಲಿಲ್ಲ. ಹತ್ತಿದವರನ್ನೆಲ್ಲ ಸಾಕ್ಷಿಗೆ ಆಗುತ್ತಾರೋ ಇಲ್ಲವೋ ಎಂದು ಅಳೆಯುತ್ತಿದ್ದ. ಮುಂದಿನ ಸೀಟಿನವನು ಗಟ್ಟಿಯಿದ್ದ, ಆದರೆ ಬಾಯಿ ತುಂಬ ಗುಟಖಾ. ಪಕ್ಕದವನು ಕೆಮ್ಮಿದ, ಅವನು ಬೇಡ. ಗೋಕಾಕದಲ್ಲಿ ಬಸ್ಸು ಬದಲಿಸುವಾಗ ಬಸವಲಿಂಗಪ್ಪನ ಮಗ ಯಲ್ಲಾಲಿಂಗ ಸಿಕ್ಕ. ಗಟ್ಟಿಮುಟ್ಟಾದ ಆಳು. ಶೆಟ್ಟೆಪ್ಪ ಅವನನ್ನು ಕರದಂಟಿನ ಅಂಗಡಿಯ ಮರೆಗೆ ಎಳೆದುಕೊಂಡು ಹೋಗಿ, "ನಿಮ್ಮಪ್ಪ ಹಾಕಿದ್ದ ಸಹಿ ಈಗ ನೀ ಹಾಕ್ತೀಯೇನೋ?" ಎಂದ.

ಯಲ್ಲಾಲಿಂಗ ತಲೆ ಕೆರೆದುಕೊಂಡ. "ಕಾಕಾ, ಸಿಟ್ಟಿಗೇಳಬ್ಯಾಡ್ರಿ. ನಾನೂ ಮಹೇಶನೂ ಕೂಡಿ ಬೆಳದಾವ್ರು. ನಾಳೆ ಅವ ನನ್ನ ಮಾರಿ ನೋಡಬೇಕಲ್ಲ? ಅಪ್ಪ ಮಗನ ನಡಕ ನಾ ಯಾಕ ಬರ್ಲಿ?" ಎಂದು, ಒಂದು ಪೊಟ್ಟಣ ಕರದಂಟು ಕೊಡಿಸಿ ಜಾರಿಕೊಂಡ. ಕರದಂಟನ್ನು ಚೀಲಕ್ಕೆ ಹಾಕಿಕೊಳ್ಳುತ್ತ ಶೆಟ್ಟೆಪ್ಪ ಹಣೆ ಒತ್ತಿಕೊಂಡ. ಮಹೇಶನ ಹೆಸರನ್ನು ತಾನು ಎತ್ತಿರಲೇ ಇಲ್ಲ. ಇವನಿಗೆ ಹೇಗೆ ಗೊತ್ತು?

ಹುಕ್ಕೇರಿಯ ಕೋರ್ಟಿನೆದುರು ಚಿಕ್ಕದೊಂದು ಖೋಲಿಯಲ್ಲಿ ಆಮ್ರಪಾಲಿ ಕೂತಿದ್ದಳು. ಅವನನ್ನು ಕಂಡು ಎದ್ದು ನಿಂತು, "ಬರ್ರಿ ಕಾಕಾ, ಅಪ್ಪ ನಿನ್ನೇನ ನಿಮ್ಮ ನೆನಪ ತಗದಿದ್ರು" ಎಂದು ನೀರು ಕೊಟ್ಟಳು. ಅವನು ನೀರು ಕುಡಿಯುವ ಮೊದಲೇ ಕತೆಯನ್ನೆಲ್ಲ ಹೇಳಿ ಮುಗಿಸಿದ. ಅವಳು ನಡುವೆ ಬಾಯಿ ಹಾಕದೆ ಕೇಳಿದಳು.

"ಸಾಕ್ಷಿ ಸತ್ತ ಮಾತ್ರಕ್ಕ ಕಾಗದ ಸಾಯೂದಿಲ್ರಿ ಕಾಕಾ. ಆದ್ರ ಅವರ ಸಹಿ ಗುರುತು ಹಿಡಿಯಾವ್ರನ್ನ ಹುಡಕಬೇಕು, ಕೋರ್ಟಿನ್ಯಾಗ ನಿಂದರಸಬೇಕು. ತಕರಾರ ತಗಿಯಾವ್ನ ಕೈ ಮ್ಯಾಲಾಗ್ತೈತಿ. ಕಾಗದ ಬಿದ್ದ ಹೋತಂದ್ರ ಕಾಯ್ದೆ ಪ್ರಕಾರ ಮನಿ ಪೂರಾ ನಿಮ್ಮ ಮಗಂದು. ತಮ್ಮನ ಹೆಂಡ್ತಿಗೆ ಒಂದ ಇಟ್ಟಂಗಿ ಸೈತ ಬರಂಗಿಲ್ಲ."

"ಹಂಗಾರ ಹೊಸಾದ ಬರಿ ಯವ್ವಾ. ಇವತ್ತ ಬರಿ."

"ಬರೀತೇನ್ರಿ. ಈ ಸಲ ಗೋಕಾಕದಾಗ ರಜಿಸ್ಟರ್ ಮಾಡಸೂಣು. ಸಾಕ್ಷಿ ನಿಮಗಿಂತ ಸಣ್ಣಾವ್ರ ಇರ್ಲಿ. ಒಂದ ಸಹಿ ನಾ ಹಾಕ್ತೇನಿ, ಇನ್ನೊಬ್ಬರನ್ನ ನೀವ ನೋಡ್ರಿ." ಅವಳು ಪೆನ್ನು ತೆಗೆದವಳು ಮತ್ತೆ ಕೆಳಗಿಟ್ಟಳು. "ಹಳೇದ ಎಲ್ಲಿಟ್ಟೀರಿ?"

"ಟ್ರಂಕಿನ್ಯಾಗ. ಕೀಲಿ ನನ್ನ ಉಡದಾರಕ್ಕ ಐತಿ. ಒಬ್ಬರಿಗೂ ಕೈ ಹಚ್ಚಗೊಟ್ಟಿಲ್ಲ."

"ನೀವ್ ಹ್ವಾದ ದಿವಸ ಉಡದಾರ ಯಾರ ಹರೀತಾರ್ರಿ?"

ಶೆಟ್ಟೆಪ್ಪನ ಕೈ ಸೊಂಟಕ್ಕೆ ಹೋಯಿತು. ಉಡದಾರ ಹರಿಯುವವನು ಮಗ. ಕಾಗದ ಯಾರ ವಿರುದ್ಧ ಬರೆದದ್ದೋ ಅವನ ಕೈಗೇ ಕೀಲಿ ಸಿಗುವಂತೆ ತಾನು ಇಷ್ಟು ವರ್ಷ ಸೊಂಟಕ್ಕೆ ಕಟ್ಟಿಕೊಂಡು ತಿರುಗಿದ್ದ.

"ಆತು. ಅವ್ರ ಹೆಸರಿಗೆ ಪೂರಾ ಬರೀಲ್ಯಾ, ಅವ್ರ ಇರೂತನಕ ಅಷ್ಟ ಬರೀಲ್ಯಾ? ಅವ್ರ ನಿಮಗಿಂತ ಮೊದಲ ಹ್ವಾದ್ರ ಯಾರಿಗೆ? ಅವ್ರ ಹಿಂದ ಯಾರಿಗೆ?"

ಅವಳು ತನಗಿಂತ ಮೊದಲು ಹೋಗಬಹುದು ಎಂದು ಶೆಟ್ಟೆಪ್ಪ ಒಂದು ದಿನವೂ ಯೋಚಿಸಿರಲಿಲ್ಲ. "ಅದೆಲ್ಲಾ ನನಗ ಗೊತ್ತಿಲ್ಲವಾ" ಎಂದ.

"ಅವ್ರನ್ನ ಕೇಳ್ರಿ."

"ನಾವ್ ಮಾತಾಡಂಗಿಲ್ಲ."

"ಜಗಳೇನ್ರಿ?"

"ಜಗಳ ಅಲ್ಲ. ಪದ್ಧತಿ."

ಆಮ್ರಪಾಲಿ ನಗಲಿಲ್ಲ. ಕಿಟಕಿಯ ಆಚೆ ಕೋರ್ಟಿಗೆ ಬಂದ ಮಂದಿ ಬೇವಿನ ಮರದ ಕೆಳಗೆ ಗುಂಪು ಗುಂಪಾಗಿ ಕೂತಿದ್ದರು. ಅವಳು ಅತ್ತ ಕೈ ತೋರಿಸಿದಳು. "ಕಾಕಾ, ಅಲ್ಲಿ ಕುಂತಾವ್ರಾಗ ಅರ್ಧಾ ಮಂದಿ ಒಂದ ಮನ್ಯಾಗ ಹುಟ್ಟಿದಾವ್ರು. ಹಿರೇರು ಇದ್ದಾಗ ಮಾತಾಡಲಿಲ್ಲ, ಅದಕ್ಕ ಇಲ್ಲಿ ಬಂದ ಕುಂತಾರ. ಆಕಿಗೆ ಗೊತ್ತ ಇಲ್ಲದ ಕಾಗದ ತಗೊಂಡ ಆಕಿ ಏನ್ ಮಾಡ್ಯಾಳು? ಮೊದಲ ಮನ್ಯಾಗ ಹೇಳ್ರಿ. ನಾಳೆ ಗೋಕಾಕಕ್ಕ ಬರ್ರಿ, ಬರದ ಇಟ್ಟಿರ್ತೀನಿ, ನಡುವಿಂದ ಅಷ್ಟ ಖಾಲಿ ಬಿಟ್ಟಿರ್ತೀನಿ."

ಹಿಂದಿರುಗುವಾಗ ಅವನು ಯಾರ ಮುಖವನ್ನೂ ಅಳೆಯಲಿಲ್ಲ. ಮಾತನ್ನು ಹೇಗೆ ಶುರು ಮಾಡುವುದು ಎಂದು ದಾರಿಯುದ್ದಕ್ಕೂ ತುಟಿ ಅಲ್ಲಾಡಿಸುತ್ತ ಬಂದ. 'ನೀ' ಅನ್ನಬೇಕೋ 'ನೀವು' ಅನ್ನಬೇಕೋ ಎಂಬಲ್ಲಿಗೇ ಮೂಡಲಗಿ ಬಂದುಬಿಟ್ಟಿತು. ಅಷ್ಟು ವರ್ಷ ಒಂದೇ ಮನೆಯ ರೊಟ್ಟಿ ತಿಂದವನಿಗೆ ಅವಳನ್ನು ಏನೆಂದು ಕರೆಯಬೇಕು ಎಂಬುದೇ ಗೊತ್ತಿರಲಿಲ್ಲ.

ಹೊತ್ತು ಮುಳುಗುತ್ತಿತ್ತು. ಶಿವವ್ವ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ಸುಣ್ಣದ ಗೆರೆಯ ಮೇಲೆ ಕೂತಿದ್ದಳು ಎಂದರೂ ಸರಿಯೇ. ಶೆಟ್ಟೆಪ್ಪ ಹೊರಗೇ ನಿಂತು ಕೆಮ್ಮಿದ. ಸೆರಗು ಏರಿತು. ಕರದಂಟಿನ ಪೊಟ್ಟಣವನ್ನು ಗೂಡಿನಲ್ಲಿಟ್ಟು ಹೊರಗೆ ಬಂದ. ಚಪ್ಪರದ ಕಡೆ ಎರಡು ಹೆಜ್ಜೆ ಹೋದ, ಮತ್ತೆ ಬಾಗಿಲಿಗೆ ಬಂದ, ಮತ್ತೆ ಚಪ್ಪರಕ್ಕೆ ಹೋದ. ಎಮ್ಮೆ ಮೆಲುಕು ಹಾಕುವುದನ್ನು ನಿಲ್ಲಿಸಿ ಅವನನ್ನು ನೋಡಿತು.

"ಕೇಳ ಗೌರಿ" ಎಂದ ಕೊನೆಗೆ. ದನಿ ಅವನದೇ ಅನ್ನಿಸಲಿಲ್ಲ. "ಈ ಮನಿ ನಾ ಬರದ ಇಟ್ಟೇನಿ. ನನ್ನ ಹಿಂದ ಇದು ಮಹೇಶಗ ಅಲ್ಲ. ರೊಟ್ಟಿ ಮಾಡಾಕಿಗೆ. ಆದ್ರ ಸಾಕ್ಷಿ ಹಾಕಿದಾವ್ರಿಬ್ಬರೂ ಹೋಗ್ಯಾರ. ನಾಳೆ ಗೋಕಾಕದಾಗ ಹೊಸಾದ ಮಾಡಸಾಕತ್ತೇನಿ. ಅದರಾಗ ಏನೇನ್ ಬರೀಬೇಕು, ಕೇಳಬೇಕಾಗೇತಿ."

ರೊಟ್ಟಿ ಬಡಿಯುವ ಸದ್ದು ನಿಂತಿತು. ಒಲೆಯಲ್ಲಿ ಕಡ್ಡಿ ಚಟ್ ಎಂದು ಸಿಡಿಯಿತು. ಸ್ವಲ್ಪ ಹೊತ್ತಿಗೆ ಹಂಚಿನ ಮೇಲಿದ್ದ ರೊಟ್ಟಿ ಸೀದ ವಾಸನೆ ಬಂತು. ಶಿವವ್ವನ ಕೈಯಲ್ಲಿ ರೊಟ್ಟಿ ಸೀದದ್ದನ್ನು ಅವನು ಯಾವತ್ತೂ ಕಂಡಿರಲಿಲ್ಲ.

"ಭಾವಾರ."

ಶೆಟ್ಟೆಪ್ಪ ಹಿಂದೆ ಮುಂದೆ ನೋಡಿದ. ಯಾರನ್ನು ಕರೆದಳು?

"ಭಾವಾರ, ಎಮ್ಮಿಗೆ ಯಾಕ ಹೇಳಾಕತ್ತೀರಿ? ಅದೇನ್ ಸಾಕ್ಷಿ ಹಾಕೂದೈತೇನು?"

ಅವಳು ಬಾಗಿಲಿಗೆ ಬಂದು ನಿಂತಿದ್ದಳು. ಸೆರಗು ತಲೆಯ ಮೇಲೇ ಇತ್ತು, ಆದರೆ ಮುಖ ಅವನ ಕಡೆಗಿತ್ತು. ಕೆನ್ನೆಯ ಮೇಲೆ ಜೋಳದ ಹಿಟ್ಟು. ಈ ಮನೆಗೆ ಬಂದ ಮದುಮಗಳ ಮುಖವಷ್ಟೇ ಅವನ ನೆನಪಿನಲ್ಲಿತ್ತು. ಆಮೇಲೆ ಕಂಡದ್ದೆಲ್ಲ ಸೆರಗಿನ ಅಂಚು. ಅವಳಿಗೆ ವಯಸ್ಸಾದದ್ದೂ ಅವನಿಗೆ ಗೊತ್ತಾಗಿರಲಿಲ್ಲ.

"ಕಾಗದದ ಸುದ್ದಿ ನನಗ ಗೊತ್ತೈತ್ರಿ" ಎಂದಳು. "ಗೌಡ್ರು ಸಹಿ ಹಾಕಿ ಮನಿಗಿ ಹ್ವಾದ್ರು, ಮರುದಿವಸ ಸಂತಿಗೆ ಬಂದ ಗೌಡ್ತಿ ನನ್ನ ಕೈ ಹಿಡದ ಹೇಳಿದ್ಲು. ಇಡೀ ಮೇಲವಂಕಿಗೆ ಗೊತ್ತೈತಿ."

"ಇಡೀ ಊರಿಗೆ!" ಶೆಟ್ಟೆಪ್ಪ ಚಪ್ಪರದ ಕಂಬ ಹಿಡಿದುಕೊಂಡ. ಯಲ್ಲಾಲಿಂಗ ಯಾಕೆ ಹಾಗೆ ಜಾರಿಕೊಂಡ ಎಂದು ಈಗ ತಿಳಿಯಿತು. "ಮತ್ತ ಮಂದಿ... ಏನಂದ್ರು?"

"ಅನ್ನೂದೆಲ್ಲಾ ಅಂದ ದಣದಾರ. ನಿಮ್ಮ ಕಿವಿಗಷ್ಟ ಬಿದ್ದಿಲ್ಲ. ಮಹೇಶನ ಕಿವಿಗೂ ಬಿದ್ದಿಲ್ಲ, ಅಪ್ಪ ಮಗ ಇಬ್ಬರಿಗೂ ಯಾರೂ ಹೇಳೂದಿಲ್ಲ."

ಅವನಿಗೆ ನಗು ಬಂತೋ ಅಳು ಬಂತೋ. ಊರು ಏನನ್ನಬಾರದು ಎಂದು ಅಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡಿದ್ದನೋ ಅದನ್ನು ಊರು ಎಂದೋ ಅಂದು, ಎಲೆಅಡಿಕೆ ಉಗುಳಿ, ಬೇರೆ ಸುದ್ದಿಗೆ ಹೋಗಿತ್ತು. ಬೀಗ ಮಾತ್ರ ಇವರ ಬಾಯಿಯಲ್ಲೇ ಉಳಿದಿತ್ತು. ಒಂದು ಜ್ವರದ ದಿನ ಹೇಗಿದೆ ಎಂದು ಕೇಳಲಿಲ್ಲ, ಒಂದು ಹಬ್ಬದ ದಿನ ಹೋಳಿಗೆ ಚೆನ್ನಾಗಿದೆ ಅನ್ನಲಿಲ್ಲ. ಹೋದ ಆ ದಿನಗಳನ್ನು ನೆನೆದು ಅವನಿಗೆ ತನ್ನ ಮೇಲೇ ಸಿಟ್ಟು ಬಂತು.

"ಪೂರಾ ಬರೀಬೇಕೋ, ನೀ... ನೀ ಇರೂತನಕ ಅಷ್ಟೋ, ವಕೀಲ್ರು ಕೇಳ್ಯಾರ" ಎಂದ ನೆಲ ನೋಡುತ್ತ.

"ಮನಿ ನನಗ ಬ್ಯಾಡ."

ಅವನು ತಲೆಯೆತ್ತಿದ.

"ಮಹೇಶಗ ತಪ್ಪಿಸಿ ನನಗ ಬರದ್ರ ನಾ ಈ ಮನ್ಯಾಗ ಇಷ್ಟ ವರ್ಷ ಪಗಾರಕ್ಕ ದುಡದಂಗ ಆತಲ್ರಿ ಭಾವಾರ? ಪಗಾರ ಬಾಕಿ ಉಳದಿತ್ತು, ಈಗ ಚುಕ್ತಾ ಮಾಡಿದ್ರಿ. ಅವನ್ನ ನಾ ಕೂಲಿಗೆ ಜ್ವಾಪಾನ ಮಾಡೇನೇನು?" ಹಿಟ್ಟಿನ ಕೈಯಿಂದಲೇ ಕಣ್ಣೊರೆಸಿಕೊಂಡಳು. ಮತ್ತೆ ದನಿ ಗಟ್ಟಿಯಾಯಿತು. "ಆದ್ರ ಬರೀರಿ. ಈ ಒಲಿ ಇರೂ ಪಡಸಾಲಿ, ಹಿಂದಿನ ಖೋಲಿ. ನಾ ಇರೂತನಕ ನನ್ನನ್ನ ಇಲ್ಲಿಂದ ಯಾರೂ ಸರೀ ಅನ್ನಬಾರದು. ನನ್ನ ಹಿಂದ ಎಲ್ಲಾ ಅವಂದು. ಮಹೇಶ ಛಲೋ ಹುಡುಗ, ಖರೆ. ಛಲೋ ಹುಡುಗ್ರಿಗೂ ಹೆಂಡ್ರು ಮಕ್ಕಳು, ಸಾಲ ಸೋಲ ಇರ್ತಾವ. ಬಾಯಿಮಾತ ನನಗ ಸಾಕಾಗೇತಿ."

"ಮತ್ತ ಇನ್ನೊಂದ ಸಾಕ್ಷಿ ಯಾರನ್ನ..."

"ಅವನ್ನ ಹಚ್ಚರಿ. ಮಹೇಶನ್ನ. ಅವನ ಸಹಿ ಬಿದ್ದಮ್ಯಾಗ ತಕರಾರ ಯಾರ ಮಾಡಾವ್ರು?"

ಆ ಮಾತು ಮುಗಿಯುವುದಕ್ಕೂ ಮಹೇಶನ ಗಾಡಿ ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಅವನು ಹೆಲ್ಮೆಟ್ಟು ತೆಗೆದು, ಅಪ್ಪ ಮತ್ತು ಚಿಗವ್ವ ಎದುರುಬದುರು ನಿಂತು ಮಾತಾಡುತ್ತಿರುವುದನ್ನು ನೋಡಿ, ಯಾರೋ ಸತ್ತರು ಅಂದುಕೊಂಡ. "ಏನಾತು? ಶೋಭಾಗ ಏನರ...?" ಎಂದು ಓಡಿ ಬಂದ.

ಹೇಳಿದವಳು ಶಿವವ್ವ. ಮಹೇಶ ಎಲ್ಲವನ್ನೂ ಕೇಳಿದ. ಹಳೆಯ ಕಾಗದದಲ್ಲಿ ಮನೆ ಪೂರಾ ಚಿಗವ್ವಳಿಗಿತ್ತು ಎಂಬಲ್ಲಿಗೆ ಅವನ ಮುಖ ಕೆಂಪಾಯಿತು. ಅವನು ಸಿಟ್ಟಾದದ್ದು ಮನೆಗಾಗಿ ಎಂದು ಶೆಟ್ಟೆಪ್ಪ ತಿಳಿದ.

"ಅಪ್ಪಾ, ನಾ ಈಕೀನ ಹೊರಗ ಹಾಕ್ತೀನಂತ ತಿಳದಿದ್ದಿ?" ಎಂದ. "ಆವಾಗಿಂದ ತಿಳದಿದ್ದಿ? ನನ್ನ ಲಗ್ನದ ದಿವಸಾನೂ? ದಿನಾ ನನ್ನ ಜೋಡಿ ಕುಂತ ಉಣ್ಣೂ ಮುಂದ, ಈ ಮಗ ಇಂಥಾವ ಅಂತ ಸೊಂಟದಾಗ ಕೀಲಿ ಕಟ್ಟಿಕೊಂಡ ಉಣ್ತಿದ್ದಿ?"

"ಹಂಗಲ್ಲೋ..."

"ಹಂಗ! ಒಂದ ಮಾತ ಕೇಳಿದ್ರ ನಾ ಬ್ಯಾಡ ಅಂತಿದ್ನೇನು?"

ಶಿವವ್ವ ಮೆಲ್ಲಗೆ, "ಸುಣ್ಣಾ ಹಾಕೂ ಮುಂದ ನೀ ನನ್ನ ಕೇಳಿದ್ದೇನೋ?" ಎಂದಳು.

ಮಹೇಶ ಕೆಳಗೆ ನೋಡಿದ. ಗೆರೆ ಅವನ ಕಾಲಿನ ಪಕ್ಕದಿಂದ ಹೊರಟು ಒಲೆಯ ಮೇಲೆ ಹೋಗಿತ್ತು. ಅವನು ಗಾಡಿ ತಿರುಗಿಸಿಕೊಂಡು ಹೊರಟುಹೋದ. ಆ ರಾತ್ರಿ ಉಣ್ಣಲು ಬರಲಿಲ್ಲ. ಶೆಟ್ಟೆಪ್ಪ ಅಂಗಳದಿಂದ ಬೀದಿಗೆ, ಬೀದಿಯಿಂದ ಅಂಗಳಕ್ಕೆ ತಿರುಗುತ್ತಲೇ ಇದ್ದ. ಕಾಗದ ಉಳಿಸಲು ಹೋಗಿ ಮಗನನ್ನೇ ಕಳೆದುಕೊಂಡೆನಲ್ಲ ಎಂದು ಅವನಿಗೆ ದಿಗಿಲು. ಯಾವಾಗ ಬಂದು ಹಾಸಿಗೆಗೆ ಬಿದ್ದನೋ ಅವನಿಗೇ ತಿಳಿಯಲಿಲ್ಲ.

ಬೆಳಗಾದಾಗ ಎಬ್ಬಿಸಿದ್ದು ಕಸಬರಿಗೆಯ ಸದ್ದು. ಹೊರಗೆ ಬಂದು ನೋಡಿದರೆ ಮಹೇಶ. ನಿನ್ನೆಯ ಅಂಗಿಯಲ್ಲೇ ಇದ್ದ. ಪಡಸಾಲೆಯ ನೆಲದ ಮೇಲೆ ಸುಣ್ಣದ ಗೆರೆ ಇರಲಿಲ್ಲ, ಬಿಳಿಯ ಮಸುಕಷ್ಟೇ ಉಳಿದಿತ್ತು. ಹೊಸದೊಂದು ಗೆರೆ ಪಡಸಾಲೆಯ ಹೊರಗೆ, ಹೊಸ್ತಿಲಿನ ಆಚೆಯಿಂದ ಬಳಸಿ, ಚಪ್ಪರವನ್ನೂ ಬಿಟ್ಟು ಬೀದಿಯ ಕಡೆ ಹೋಗಿತ್ತು. ನಾಲ್ಕು ಮಳಿಗೆ ಅದರಲ್ಲಿ ಹಿಡಿಸುವಂತಿರಲಿಲ್ಲ. ಎರಡು ಹಿಡಿಸಬಹುದು. ಗೆರೆ ಸೊಟ್ಟಸೊಟ್ಟಾಗಿತ್ತು, ಎಂಜಿನಿಯರನ ಕೈಯಲ್ಲ ಎಂದು ಯಾರಾದರೂ ಹೇಳಬಹುದಿತ್ತು.

ಶೆಟ್ಟೆಪ್ಪ, "ಮಹೇಶಾ" ಎಂದ.

ಮಹೇಶ ಅವನ ಕಡೆ ತಿರುಗಲಿಲ್ಲ. ಕಸಬರಿಗೆ ಮೂಲೆಗಿಟ್ಟು, ಒಲೆ ಹಚ್ಚುತ್ತಿದ್ದ ಶಿವವ್ವಳಿಗೆ, "ಚಿಗವ್ವಾ, ನಿಮ್ಮ ಭಾವಾರಿಗೆ ಹೇಳು. ಕಚೇರಿ ತಗಿಯೂದರಾಗ ಗೋಕಾಕ ಮುಟ್ಟಬೇಕು. ಬಸ್ ಬ್ಯಾಡ, ಗೆಳ್ಯಾನ ಕಾರ್ ತರ್ತೀನಿ. ಆಧಾರ್ ಕಾರ್ಡ್ ತಗೊಳ್ಳಾಕ ಹೇಳು" ಎಂದ.

ಅಪ್ಪ ಎರಡು ಮಾರು ದೂರದಲ್ಲೇ ನಿಂತಿದ್ದ.

ಶಿವವ್ವ ಒಲೆಗೆ ಊದುತ್ತಿದ್ದವಳು ಕೊಳವೆ ಕೆಳಗಿಟ್ಟಳು. ತುಟಿಯಂಚಿನಲ್ಲಿ ನಗು ಕಾಣಿಸಿಕೊಂಡಿತು. "ಕೇಳತಲ್ರಿ ಭಾವಾರ? ಇನ್ನ ಈ ಮಾರಾಯಂದ ಎಷ್ಟ ವರ್ಷ ನಡಿತೈತೋ" ಎಂದಳು. ಮಹೇಶ ಕೇಳಿಸದವನಂತೆ ಗಾಡಿ ಚಾಲೂ ಮಾಡಿ ಹೋದ.

ಹೊರಡುವ ಮುಂಚೆ ಹಳೆಯ ಕಾಗದ ತೆಗೆದುಕೊಳ್ಳಬೇಕಿತ್ತು. ಶೆಟ್ಟೆಪ್ಪ ಗೋಡೆಯ ಕಡೆ ತಿರುಗಿ, ಉಡದಾರದ ಗಂಟು ಬಿಚ್ಚಿ ಕೀಲಿ ಹೊರಗೆಳೆದ. ಟ್ರಂಕು ತೆಗೆದು ಕಾಗದ ಜೇಬಿಗಿಟ್ಟುಕೊಂಡ. ಕೀಲಿಯನ್ನು ಮತ್ತೆ ಉಡದಾರಕ್ಕೆ ಕಟ್ಟಲು ಹೋದವನು ನಿಂತ. ಬೆವರು ಕುಡಿದು ಕಪ್ಪಾದ ಚಿಕ್ಕ ಕೀಲಿ, ಸೊಂಟದ ಬಿಸಿ ಇನ್ನೂ ಅದರಲ್ಲಿತ್ತು.

ಪಡಸಾಲೆಗೆ ಬಂದು ಕೆಮ್ಮಿದ. ಅಭ್ಯಾಸ ಬಿಡಲಿಲ್ಲ. ಕೀಲಿ ಇಡಲೆಂದು ಗೂಡಿನತ್ತ ಕೈ ಚಾಚಿದ. ಗೂಡಿನಲ್ಲಿ ನಿನ್ನೆಯ ಕರದಂಟಿನ ಪೊಟ್ಟಣ ಬಿಚ್ಚಿತ್ತು, ಅದರಲ್ಲಿ ಒಂದು ತುಂಡು ಕಡಿಮೆಯಿತ್ತು. ಅದಕ್ಕೆ ಅಡ್ಡವಾಗಿ ಶಿವವ್ವ ಬಂದು ನಿಂತಳು. ತಾನೂ ಹೊರಡಲು ಉಟ್ಟ ಇಳಕಲ್ ಸೀರೆ, ಸೆರಗು ತಲೆಯ ಮೇಲೆ. ಅವನ ಕೈ ಗಾಳಿಯಲ್ಲೇ ನಿಂತಿತು.

ಹೊರಗೆ ಕಾರಿನ ಹಾರ್ನ್ ಕೇಳಿತು. ಶಿವವ್ವ ಸರಿಯಲಿಲ್ಲ. ಗೆರೆಗಳಲ್ಲಿ ಇನ್ನೂ ಹಿಟ್ಟು ಉಳಿದಿದ್ದ ಅಂಗೈಯನ್ನು ಬಿಚ್ಚಿ ಅವನ ಮುಂದೆ ಹಿಡಿದಳು.